ಕಾದಿರುವ ಮಣ್ಣು

ಮದಲೂರಿಗೆ ಎರಡು ಜಿಲ್ಲೆ. ಪಹಣಿ, ಕಂದಾಯ, ಕಚೇರಿ ಕೆಲಸ ಎಂದರೆ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕು. ಶಾಲೆ, ಮೇಷ್ಟ್ರು, ಪರೀಕ್ಷೆ ಎಂದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕನ್ನೂ ಶಿಕ್ಷಣ ಇಲಾಖೆ ಒಂದು ಜಿಲ್ಲೆ ಮಾಡಿಕೊಂಡಿದೆ. ಬರ ಅದಕ್ಕಿಂತ ಬಹಳ ಹಿಂದೆಯೇ ಇವನ್ನು ಒಂದು ಮಾಡಿತ್ತು. ಇಂಥ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಜೌಗು ನೆಲದ ಪಾಠವನ್ನು, ನೀರಿನ ಜೀವಿಗಳ ಪಾಠವನ್ನು ಎಲ್ಲಿ ನಿಲ್ಲಿಸಿ ಹೇಳಬೇಕು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದುಕೊಂಡಿದೆ.

ಸುಲಭದ ಉತ್ತರ ಇದ್ದೇ ಇದೆ. ಬಸ್ಸು ಮಾಡಿಕೊಂಡು ರಂಗನತಿಟ್ಟಿಗೆ ಹೋಗುವುದು, ದೋಣಿ ಹತ್ತಿಸುವುದು, ಮೊಸಳೆ ತೋರಿಸುವುದು, ಸಂಜೆಗೆ ಮೈಸೂರು ನೋಡಿಕೊಂಡು ಮರಳುವುದು. ಮಕ್ಕಳಿಗೆ ಅದರಿಂದ ಸಿಗುವ ಸಂತೋಷ ದೊಡ್ಡದು, ಅದನ್ನು ನಾನು ಬೇಡ ಎನ್ನಲಾರೆ. ಆದರೆ ಅಲ್ಲಿಂದ ಹೊರಟ ಮಗು ಮನಸ್ಸಿನಲ್ಲಿ ಒಂದು ತೀರ್ಮಾನವನ್ನೂ ಕಟ್ಟಿಕೊಂಡು ಬರುತ್ತದೆ: ಜೀವ ಇರುವುದು ಅಲ್ಲಿ, ನೀರಿರುವ ಊರಿನಲ್ಲಿ, ನಮ್ಮೂರಿನಲ್ಲಿ ಏನೂ ಇಲ್ಲ. ಈ ತೀರ್ಮಾನ ತಪ್ಪು ಎಂದು ನಾನು ನಂಬಿದ್ದೇನೆ. ಜೌಗು ನೆಲವನ್ನು ಅರಿಯಲು ಒಣನಾಡಿನ ಮಗುವಿಗೆ ಇರುವಷ್ಟು ಅನುಕೂಲ ಮಲೆನಾಡಿನ ಮಗುವಿಗೂ ಇಲ್ಲ. ಅದಕ್ಕೆ ಕೆರೆ ತುಂಬಿದಾಗ ಮಾತ್ರ ಅಲ್ಲ, ಒಣಗಿದಾಗಲೂ ಅಂಗಳಕ್ಕೆ ಇಳಿಯಬೇಕು, ಅಷ್ಟೆ.

ಮದಲೂರು ಕೆರೆ ಶಿರಾ ತಾಲ್ಲೂಕಿನ ದೊಡ್ಡ ಕೆರೆಗಳಲ್ಲೊಂದು. ಎಷ್ಟೋ ವರ್ಷ ಅದು ತುಂಬದೆ ಕಳೆದಿತ್ತು. 2020ರ ನವೆಂಬರಿನಲ್ಲಿ ಶಿರಾ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆದಾಗ ಈ ಕೆರೆಗೆ ಹೇಮಾವತಿ ಬರುವುದೋ ಇಲ್ಲವೋ ಎಂಬುದೇ ವೇದಿಕೆಗಳ ದೊಡ್ಡ ಮಾತಾಯಿತು. ಆ ವರ್ಷದ ಕೊನೆಗೆ ನೀರು ಹರಿದೂ ಬಂತು. ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟಿದ ನದಿ ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ತುಮಕೂರಿನ ನಾಲೆ ಹಿಡಿದು, ಕಳ್ಳಂಬೆಳ್ಳ ಕೆರೆ ಕಂಡು, ಶಿರಾ ದೊಡ್ಡ ಕೆರೆ ದಾಟಿ ಮದಲೂರಿನ ಕಡೆಗೆ ನಡೆಯಿತು. ಒಂದು ಊರಿನ ಕೆರೆ ಇಡೀ ರಾಜ್ಯದ ಸುದ್ದಿಯಾದಾಗ ಎಲ್ಲರೂ ಕೇಳಿದ್ದು ಎಷ್ಟು ನೀರು, ಯಾರ ಪಾಲು, ಯಾವಾಗ ಎಂಬುದನ್ನು. ಆ ಪ್ರಶ್ನೆಗಳು ಹಸಿದವರ ಪ್ರಶ್ನೆಗಳು, ಅವುಗಳ ತೂಕ ನನಗೆ ಗೊತ್ತು. ಆದರೂ ಇನ್ನೊಂದು ಪ್ರಶ್ನೆಯನ್ನು ಯಾರಾದರೂ ಕೇಳಬೇಕಿತ್ತು. ನೀರಿಲ್ಲದ ಅಷ್ಟೂ ವರ್ಷ ಆ ಏರಿಯ ಹಿಂದೆ ಇದ್ದದ್ದು ಏನು? ಅದು ಕೆರೆಯೋ, ಕೆರೆ ಇದ್ದ ಜಾಗವೋ?

ಈ ಪ್ರಶ್ನೆಯನ್ನು ಮಕ್ಕಳ ಕೈಗೆ ಕೊಡಬಹುದು. ಕೊಡುವ ವಿಧಾನವೂ ಸರಳ. ಏಪ್ರಿಲಿನಲ್ಲಿ, ಬಿರುಕು ಬಿಟ್ಟ ಯಾವುದೇ ಕೆರೆಯಂಗಳಕ್ಕೆ ಮಕ್ಕಳನ್ನು ಬೆಳಗ್ಗೆ ಬಿಸಿಲೇರುವ ಮುನ್ನ ಕರೆದುಕೊಂಡು ಹೋಗಿ. ತೂಬಿನ ಹತ್ತಿರದಿಂದ ಒಂದು ಹಿಡಿ ಮಣ್ಣು, ಅಂಚಿನಿಂದ ಒಂದು ಹಿಡಿ, ಬಳ್ಳಾರಿ ಜಾಲಿಯ ಬುಡದಿಂದ ಒಂದು ಹಿಡಿ, ಯಂತ್ರದಿಂದ ಆಳಕ್ಕೆ ಅಗೆದು ಮಣ್ಣು ಸಾಗಿಸಿದ ಗುಂಡಿಯಿಂದ ಒಂದು ಹಿಡಿ ತರಲಿ. ಶಾಲೆಯಲ್ಲಿ ನಾಲ್ಕು ಬೋಗುಣಿಯಲ್ಲಿ ಹಾಕಿ, ಮಳೆನೀರು ಕೂಡಿಟ್ಟಿದ್ದರೆ ಅದನ್ನು ಸುರಿದು, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಇಟ್ಟು ಕಾಯಬೇಕು. ಒಂದೆರಡು ದಿನ ಏನೂ ಕಾಣುವುದಿಲ್ಲ. ಆಮೇಲೆ ಭೂತಗನ್ನಡಿಯ ಕೆಳಗೆ ಏನೋ ಮಿಸುಕಾಡುತ್ತದೆ. ಚಕ್ರಜೀವಿ ಎಂದು ಕರೆಯುವ ರೋಟಿಫರ್‌ಗಳು ಬರಬಹುದು, ಒಂದು ವಾರಕ್ಕೆ ಎಗರೆಗರಿ ಈಜುವ ನೀರುಚಿಗಟೆಗಳು ಬರಬಹುದು, ಅದೃಷ್ಟವಿದ್ದರೆ ಬೆನ್ನು ಕೆಳಗೆ ಮಾಡಿ ತೇಲುವ ಪುಟ್ಟ ಸಿಗಡಿಗಳೂ ಬರಬಹುದು. ಕಾಲಿಗೆ ಮೆತ್ತುವ ಧೂಳು ಎಂದುಕೊಂಡಿದ್ದದ್ದು ಮೊಟ್ಟೆಗಳ ಉಗ್ರಾಣವಾಗಿತ್ತು ಎಂದು ತಿಳಿಯುವ ಆ ಕ್ಷಣಕ್ಕೆ ಸಮನಾದ ಪಾಠ ನನಗೆ ಬೇರೆ ಗೊತ್ತಿಲ್ಲ.

ನೀರು ಇಳಿಯುತ್ತಿದೆ ಎಂದು ಗೊತ್ತಾದೊಡನೆ ಈ ಜೀವಿಗಳಲ್ಲಿ ಹಲವು ಬೇರೆ ಬಗೆಯ ಮೊಟ್ಟೆ ಇಡತೊಡಗುತ್ತವೆ. ದಪ್ಪ ಚಿಪ್ಪು, ಒಳಗೆ ಬೆಳವಣಿಗೆ ನಿಂತ ಭ್ರೂಣ. ಬಿಸಿಲು, ಗಾಳಿ, ದನದ ಕಾಲು, ಹಕ್ಕಿಯ ಹೊಟ್ಟೆ ಇವನ್ನೆಲ್ಲ ದಾಟಿ ಅದು ಉಳಿಯಬಲ್ಲದು. ಎಷ್ಟು ಕಾಲ? 1995ರಲ್ಲಿ ಎರಡು ಸುದ್ದಿಗಳು ವಿಜ್ಞಾನದ ಪತ್ರಿಕೆಗಳಲ್ಲಿ ಬಂದವು. ಅಮೆರಿಕದ ರೋಡ್ ಐಲೆಂಡಿನ ಕೊಳವೊಂದರ ಕೆಸರಿನಿಂದ ತೆಗೆದ, ಮುನ್ನೂರು ವರ್ಷ ಮೀರಿದ ಸೂಕ್ಷ್ಮ ಕಠಿಣಚರ್ಮಿಗಳ ಮೊಟ್ಟೆಗಳು ಮರಿಯಾದವು. ಈಶಾನ್ಯ ಚೀನಾದ ಬತ್ತಿದ ಸರೋವರವೊಂದರ ತಳದಲ್ಲಿ ಸಿಕ್ಕಿದ್ದ, ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳೆಯಿತು. ಇವುಗಳ ಮುಂದೆ ನಮ್ಮ ಕೆರೆಗಳ ಹತ್ತಿಪ್ಪತ್ತು ವರ್ಷದ ಬರ ದೊಡ್ಡದಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ಆ ಸಮಾಧಾನಕ್ಕೆ ಮಿತಿ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಮೊದಲ ನೀರು ತಾಕಿದೊಡನೆ ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ. ಒಂದು ಪಾಲು ಏಳುತ್ತದೆ, ಉಳಿದವು ಮಲಗೇ ಇರುತ್ತವೆ. ಎದ್ದವು ಬೆಳೆದು ಮೊಟ್ಟೆ ಇಡುವ ಮೊದಲೇ ನೀರು ಆರಿದರೆ ಅವು ಸತ್ತವು, ಮಲಗಿದ್ದವು ಮುಂದಿನ ಮಳೆಗೆ ಉಳಿದವು. ಒಂದೇ ತಾಯಿಯ ಮೊಟ್ಟೆಗಳಲ್ಲಿ ಕೆಲವು ನಂಬುವವು, ಕೆಲವು ಅನುಮಾನಿಸುವವು. ಶಿರಾ ಸೀಮೆಯ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕಡಲೆಕಾಯಿ ಹೊಲದಲ್ಲಿ ಅವನು ಹಾಕುವ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಹರಳು ಇರುವುದು ಇದೇ ಕಾರಣಕ್ಕೆ: ಒಂದು ಮಳೆ ಕೈಕೊಟ್ಟರೆ ಇನ್ನೊಂದು ಮಳೆಗೆ ಬರುವ ಬೆಳೆ ನೆಲದಲ್ಲಿರಲಿ ಎಂದು. ಒಣನೆಲದಲ್ಲಿ ಬದುಕುವವರು, ಅವರು ಮನುಷ್ಯರಾಗಲಿ ಸಿಗಡಿಯಾಗಲಿ, ಆಸೆಯನ್ನು ಪೂರ್ತಿ ಖರ್ಚು ಮಾಡುವುದಿಲ್ಲ.

ಇದನ್ನೆಲ್ಲ ಕಂಡ ಮೇಲೆ ಬತ್ತುವುದು ಕೆರೆಗೆ ಬಂದ ರೋಗ ಎಂಬ ನಮ್ಮ ಎಣಿಕೆಯೇ ಸಡಿಲಾಗುತ್ತದೆ. ಈ ಭಾಗದಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆಗ ತುಂಬಿದ ಕೆರೆ ಮಾಘ ಕಳೆಯುವಾಗ ಇಳಿಯತೊಡಗಿ ವೈಶಾಖದಲ್ಲಿ ತಳ ತೋರಿಸುವುದು ಹಿಂದಿನಿಂದ ನಡೆದು ಬಂದದ್ದು. ತಳ ತೋರಿದಾಗ ಜನ ಗಾಡಿ ಕಟ್ಟಿಕೊಂಡು ಗೋಡುಮಣ್ಣು ಹೇರಿ ಹೊಲಕ್ಕೆ ಸಾಗಿಸುತ್ತಿದ್ದರು. ಕೆರೆ ಬತ್ತದಿದ್ದರೆ ಹೊಲಕ್ಕೆ ಗೋಡಿಲ್ಲ. ಒಣಗುವ, ತುಂಬುವ ಈ ಲಯಕ್ಕೆ ಒಗ್ಗಿದ ಜೀವಿಗಳ ದೊಡ್ಡ ಸಂಸಾರವೇ ಇದೆ. ಹಿಂಗಾಲಿನ ಗುದ್ದಲಿಯಂಥ ಗಂಟಿನಿಂದ ಹಿಮ್ಮುಖವಾಗಿ ಮಣ್ಣು ಕೊರೆದು ಇಳಿಯುವ ಬಿಲಗಪ್ಪೆ, ಮುಚ್ಚಳ ಬಿಗಿದುಕೊಂಡು ಕೆಸರಲ್ಲಿ ಹೂತು ಮಲಗುವ ನೀರಿನ ಬಸವನಹುಳು, ಗಾಳಿಯನ್ನೇ ಉಸಿರಾಡಿಕೊಂಡು ಹಸಿ ಕೆಸರಿನಲ್ಲಿ ದಿನ ದೂಡುವ ಕೊರವ ಮೀನು. ಮಳೆ ನಿಂತ ಗುಂಡಿಗಳ ಮೇಲೆ ಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಯನ್ನು ಎಲ್ಲ ಮಕ್ಕಳೂ ಬಲ್ಲರು, ಬಾಲಕ್ಕೆ ದಾರ ಕಟ್ಟಿ ಹಾರಿಸಿಯೂ ಇರುತ್ತಾರೆ. ಅದರ ಮರಿ ನೀರಿನಲ್ಲಿ ಹೆಚ್ಚುಕಡಿಮೆ ಒಂದೂವರೆ ತಿಂಗಳಲ್ಲಿ ಬೆಳೆದು ಮುಗಿಸುತ್ತದೆ, ಏಕೆಂದರೆ ಅದು ಆರಿಸಿಕೊಂಡಿರುವುದೇ ಬೇಗ ಆರುವ ನೀರನ್ನು. ಆ ಜಾತಿ ಭಾರತದಿಂದ ಮಾಲ್ಡೀವ್ಸ್ ದಾಟಿ ಹಿಂದೂ ಮಹಾಸಾಗರದ ಮೇಲೆ ಆಫ್ರಿಕಾವರೆಗೂ ಹಾರುತ್ತದೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಮುಂದಿಟ್ಟಾಗ ಜಗತ್ತು ಬೆರಗಾಯಿತು. ಸಾಗರ ದಾಟುವ ಜೀವಕ್ಕೆ ತೊಟ್ಟಿಲು ನಮ್ಮ ಕೆರೆಯಂಗಳದ ಕೆಸರುಗುಂಡಿಯೂ ಆಗಬಲ್ಲದು.

ಶಿರಾದಿಂದ ಹತ್ತಿರದಲ್ಲೇ ಇರುವ ಕಗ್ಗಲಡು ಗ್ರಾಮದಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಬೇಸಿಗೆಗೆ ಮುನ್ನ ಬಂದು, ಮರಿ ಮಾಡಿ, ಮಳೆಗಾಲದ ನಡುವೆ ಹೊರಡುತ್ತವೆ. ಊರಿನವರು ಅವನ್ನು ಹೊಡೆಯುವುದಿಲ್ಲ, ಓಡಿಸುವುದಿಲ್ಲ. ಇಷ್ಟು ಒಣ ಸೀಮೆಗೆ, ಅದೂ ಬಿಸಿಲು ಏರುವ ಕಾಲಕ್ಕೆ, ನೀರುಹಕ್ಕಿ ಯಾಕೆ ಬರಬೇಕು? ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ನೋಡಿದರೆ ಉತ್ತರದ ಒಂದು ಎಳೆ ಸಿಗುತ್ತದೆ. ಅದು ಕಣ್ಣಿನಿಂದ ಬೇಟೆಯಾಡುವುದು ಕಡಿಮೆ. ಕೊಕ್ಕನ್ನು ಅರೆ ತೆರೆದು ಬಗ್ಗಡದ ನೀರಿನಲ್ಲಿ ಅದ್ದಿ, ಅತ್ತಿತ್ತ ಆಡಿಸುತ್ತಾ ನಡೆಯುತ್ತದೆ. ಮೀನು ತಾಕಿತೋ, ಕೊಕ್ಕು ಮುಚ್ಚಿತು. ಇದರ ಅಮೆರಿಕದ ದಾಯಾದಿಯಲ್ಲಿ ಅಳೆದು ನೋಡಿದಾಗ ತಾಕಿದ್ದಕ್ಕೂ ಮುಚ್ಚಿದ್ದಕ್ಕೂ ನಡುವಿನ ಹೊತ್ತು ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲು. ಮುಟ್ಟಿ ಹಿಡಿಯುವ ಹಕ್ಕಿಗೆ ಮೀನು ಒತ್ತೊತ್ತಾಗಿರಬೇಕು. ತುಂಬಿದ ಕೆರೆಯಲ್ಲಿ ಮೀನು ಚದುರಿರುತ್ತದೆ, ಇಳಿಯುವ ಕೆರೆಯಲ್ಲಿ ಒಂದೆಡೆ ಸೇರುತ್ತದೆ. ನಾವು ಏರಿಯ ಮೇಲೆ ನಿಂತು ನೀರು ಹೋಯಿತಲ್ಲ ಎಂದು ಕೊರಗುವ ದಿನಗಳೇ ಕೊಕ್ಕರೆಗೆ ಸುಗ್ಗಿಯ ದಿನಗಳು.

ಆ ಹಕ್ಕಿಯ ಹಾಗೆ ಮುಟ್ಟಿ ತಿಳಿಯುವ ಅವಕಾಶವನ್ನು ನಾವು ಮಕ್ಕಳಿಗೆ ಎಷ್ಟು ಕೊಟ್ಟಿದ್ದೇವೆ? ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ. ಅಂದಿನಿಂದ ಪರಿಸರಕ್ಕೆ ಪುಸ್ತಕ ಬಂತು, ಪ್ರಶ್ನೆಪತ್ರಿಕೆ ಬಂತು, ಅಂಕ ಬಂತು. ಕೈಗೆ ಕೆಸರು ಮಾತ್ರ ಅಂಟಲಿಲ್ಲ. ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ಯುವುದರ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಮೇಲ್ಪಂಕ್ತಿಯೇ ಇದೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನೇ ‘ಹಸುರು ಹೊನ್ನು’ ಮಾಡಿದರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಆ ಪುಸ್ತಕದ ಕಾಲು ನಡೆದದ್ದು ಪಶ್ಚಿಮ ಘಟ್ಟದ ದಟ್ಟ ಹಸಿರಿನಲ್ಲಿ. ನಮ್ಮ ಕಲ್ಪನೆಯಲ್ಲಿ ಪ್ರಕೃತಿ ಎಂದರೆ ಇಂದಿಗೂ ಆ ಹಸಿರೇ. ಪಾವಗಡದ ಕೆಂಪು ನೆಲ, ಶಿರಾದ ಬೋಳು ಕೆರೆಯಂಗಳ ಆ ಕಲ್ಪನೆಯೊಳಗೆ ಇನ್ನೂ ಪ್ರವೇಶ ಪಡೆದಿಲ್ಲ.

ಕಾನೂನಿನೊಳಗೂ ಅವಕ್ಕೆ ಜಾಗ ಕಡಿಮೆಯೇ. ಕೇಂದ್ರ ಸರ್ಕಾರ 2017ರಲ್ಲಿ ತಂದ ಜೌಗು ಪ್ರದೇಶಗಳ ನಿಯಮಗಳು, ನೀರಾವರಿಗೆಂದೋ ಕುಡಿಯುವ ನೀರಿಗೆಂದೋ ಮನುಷ್ಯ ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟಿವೆ. ಕರ್ನಾಟಕದ ಸುಮಾರು 36,000 ಕೆರೆಗಳಲ್ಲಿ ಬಹುಪಾಲು ಕಟ್ಟಿದ ಕೆರೆಗಳೇ. ಅಂದರೆ ನಮ್ಮ ಅಜ್ಜಂದಿರು ಏರಿ ಹಾಕಿದ ಕಾರಣಕ್ಕೆ ಅವು ಜೌಗು ನೆಲವಾಗುವ ಅರ್ಹತೆ ಕಳೆದುಕೊಂಡವು. ಇದೇ ನಾಡಿನ ಅಂಕಸಮುದ್ರ, ಮಾಗಡಿ ಕೆರೆಗಳಿಗೆ 2024ರ ಆರಂಭದಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಅವೂ ಊರಿನವರ ಬಳಕೆಗೆಂದು ಕಟ್ಟಿದ ಕೆರೆಗಳೇ. ಹಕ್ಕಿಗಳಿಗೆ ಏರಿ ಯಾರು ಕಟ್ಟಿದರೆಂಬುದು ಮುಖ್ಯವಾಗಲಿಲ್ಲ. ಈ ವಿಷಯದಲ್ಲಿ ನಾನು ಹಕ್ಕಿಗಳ ಪಕ್ಷ.

ಸಮಾಧಾನಕ್ಕೆ ಮಿತಿ ಇದೆ ಎಂದೆನಲ್ಲ. ನಾಲ್ಕು ಬೋಗುಣಿಗಳಲ್ಲಿ ನಾಲ್ಕನೆಯದು, ಅಗೆದ ಗುಂಡಿಯ ಮಣ್ಣಿನದು, ಬಹುಪಾಲು ಹಾಗೇ ಸುಮ್ಮನಿರುತ್ತದೆ. ಜೀವವಿರುವ ಮೊಟ್ಟೆಗಳು, ಬೀಜಗಳು ಹೆಚ್ಚಾಗಿ ಇರುವುದು ಮೇಲಿನ ಕೆಲವು ಇಂಚಿನಲ್ಲಿ. ಎತ್ತಿನ ಗಾಡಿ ಗೋಡನ್ನು ಅಲ್ಲಿಷ್ಟು ಇಲ್ಲಿಷ್ಟು ಕೆರೆದುಕೊಂಡು ಹೋಗುತ್ತಿತ್ತು, ಉಳಿದದ್ದು ಉಳಿಯುತ್ತಿತ್ತು. ಯಂತ್ರ ಬಂದು ಇಡೀ ಅಂಗಳವನ್ನು ಆಳುದ್ದ ಬಗೆದರೆ ಹೂಳಿನ ಜೊತೆ ಕೆರೆಯ ನೆನಪೂ ಲಾರಿ ಹತ್ತುತ್ತದೆ. ಹೂಳೆತ್ತುವುದು ಬೇಡವೆಂದು ಹೇಳಲಾರೆ. ಕೆರೆಯ ಒಂದು ಭಾಗವನ್ನು ಮುಟ್ಟದೆ ಬಿಟ್ಟು ಎತ್ತಬಹುದು, ವರ್ಷ ಬಿಟ್ಟು ವರ್ಷ ಎತ್ತಬಹುದು. ಇನ್ನು ಅಂಥ ಗುಂಡಿಗಳಲ್ಲಿ ನೀರು ನಿಂತಾಗ ಆಳ ತಿಳಿಯದೆ ಇಳಿದ ಮಕ್ಕಳು ಜೀವ ಕಳೆದುಕೊಂಡ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಕೆರೆ ಎಂದೊಡನೆ ಮೇಷ್ಟ್ರುಗಳು ಹಿಂಜರಿಯುವುದು ಇದರಿಂದಲೇ, ಆ ಹಿಂಜರಿಕೆ ನ್ಯಾಯವಾದದ್ದು. ಒಣ ಅಂಗಳದಲ್ಲಿ ಪಾಠ ಶುರುಮಾಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಬೇಸಿಗೆಯಲ್ಲಿ ಗುಂಡಿಗಳನ್ನು ನಡೆದು ನೋಡಿ ನಕ್ಷೆ ಬರೆದುಕೊಂಡ ಮಗುವಿಗೆ ಮಳೆಗಾಲದಲ್ಲಿ ಎಲ್ಲಿ ಕಾಲಿಡಬಾರದೆಂದು ಗೊತ್ತಿರುತ್ತದೆ. ತುಂಬಿದ ಮೇಲೆ ಅಂಚಿನ ಮೊಣಕಾಲುದ್ದದ ನೀರೇ ಸಾಕು. ಜೊತೆಗೆ ಈಜು ಬಲ್ಲ ದೊಡ್ಡವರಿರಲಿ.

ಆ ಮೊಣಕಾಲುದ್ದದ ನೀರಿಗೆ ಒಂದು ಬಲೆ, ಒಂದು ಬಿಳಿ ತಟ್ಟೆ ಹಿಡಿದು ಇಳಿದರೆ ಪಾಠ ತಾನೇ ಬರುತ್ತದೆ. ಬೆನ್ನ ತುಂಬ ಮೊಟ್ಟೆ ಹೊತ್ತ ನೀರುತಿಗಣೆ ಸಿಕ್ಕರೆ ಅದು ತಾಯಿಯಲ್ಲ, ತಂದೆ. ಕೆಸರಿನಲ್ಲಿ ಕೆಂಪು ಹುಳು ಸಿಕ್ಕರೆ ಆ ಕೆಂಪು ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ನಿನದು. ಆಮ್ಲಜನಕ ಕಡಿಮೆಯಿರುವ ತಳದಲ್ಲಿ ಬದುಕಲು ಅದಕ್ಕೆ ಅದು ಬೇಕು. ಗೆಂಡೆ, ಕೊರವ, ಜಿಲೇಬಿ ಮೀನುಗಳ ವಿಷಯದಲ್ಲಿ ಹಿಂದಿನ ಬೆಂಚಿನ ಹುಡುಗರು ಮೇಷ್ಟ್ರಿಗೇ ಪಾಠ ಹೇಳುತ್ತಾರೆ. ಹೇಳಲಿ. ತರಗತಿಯಲ್ಲಿ ಉತ್ತರ ಮೊದಲೇ ಮೇಷ್ಟ್ರ ಕೈಯಲ್ಲಿರುತ್ತದೆ, ಕೆರೆಯಂಚಿನಲ್ಲಿ ಯಾರ ಕೈಯಲ್ಲೂ ಇರುವುದಿಲ್ಲ. ಬಲೆ ಎತ್ತುವವರೆಗೆ ಎಲ್ಲರೂ ಒಂದೇ ತರಗತಿಯವರು.

ಈಗ ಮದಲೂರಿನಂಥ ಕೆರೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ನಾಲೆಯ ನೀರು ಬರಿಗೈಯಲ್ಲಿ ಬರುವುದಿಲ್ಲ. ಮೀನಿನ ಮರಿ, ಶಂಖದ ಹುಳು, ಜಲಕಳೆಯ ತುಂಡು, ಕಣ್ಣಿಗೆ ಕಾಣದ ಸಾವಿರ ಜೀವವನ್ನು ಹೊತ್ತು ತರುತ್ತದೆ. ಕಾವೇರಿ ಸೀಮೆಯಿಂದ ಬಂದವು ಮತ್ತು ಇಲ್ಲಿಯ ಮಣ್ಣಿನಲ್ಲಿ ಮಲಗಿದ್ದು ಎದ್ದವು ಒಂದೇ ನೀರಿನಲ್ಲಿ ಭೇಟಿಯಾಗುತ್ತವೆ. ಮೊಟ್ಟೆಗಳು ಕಾದದ್ದು ಇಲ್ಲಿಯ ಮಳೆಗೆ, ಇಲ್ಲಿಯ ತಿಂಗಳಿಗೆ. ನೀರು ಬರುವುದು ದೂರದ ಅಣೆಕಟ್ಟೆಯ ಮಟ್ಟ ನೋಡಿಕೊಂಡು. ಯಾವುದು ಎದ್ದಿತು, ಯಾವುದು ಎದ್ದು ಸೋತಿತು, ಯಾವುದು ಇನ್ನೂ ಅನುಮಾನದಲ್ಲೇ ಮಲಗಿದೆ? ತಮ್ಮೂರ ಕೆರೆಯ ಬಗ್ಗೆ ಇದನ್ನು ಮಕ್ಕಳೇ ಕಂಡುಹಿಡಿಯಬೇಕು, ಕಂಡುಹಿಡಿಯಬಲ್ಲರು ಕೂಡ. ಈ ಸೀಮೆಯಲ್ಲಿ ಕೆರೆ ಎಂಬುದು ಹವ್ಯಾಸದ ವಿಷಯವೂ ಅಲ್ಲ. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆದಿದೆ. ಕೆರೆ ನಿಂತು ನೀರು ನೆಲಕ್ಕೆ ಇಂಗಿದರೆ ಆ ವಿಷ ತಿಳಿಯಾಗುತ್ತದೆ. ಪಾಠ ಬಾಯಿಯೊಳಗೇ ಬರೆದಿರುವಾಗ ಅದನ್ನು ಪುಸ್ತಕದಲ್ಲಿ ಮಾತ್ರ ಓದಿಸುವುದು ನನಗೆ ಸರಿ ಕಾಣುವುದಿಲ್ಲ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ರಾಮ್ಸಾರ್ ಒಪ್ಪಂದಕ್ಕೆ ಸಹಿ ಬಿದ್ದ 1971ರ ಫೆಬ್ರುವರಿ 2ರ ನೆನಪಿಗೆ ಆ ದಿನವನ್ನು ಜಗತ್ತು ಜೌಗು ಪ್ರದೇಶಗಳ ದಿನವೆಂದು ಆಚರಿಸುತ್ತದೆ. ನಮ್ಮಲ್ಲಿ ಅದು ಕೆರೆ ಇಳಿಯತೊಡಗುವ ಹೊತ್ತು, ಕಗ್ಗಲಡಿನ ಮರಗಳಿಗೆ ಕೊಕ್ಕರೆ ಬರುವ ಹೊತ್ತು. ಶಾಲೆಗೊಂದು ದಪ್ಪ ರಟ್ಟಿನ ಪುಸ್ತಕ ಇರಲಿ. ಪ್ರತಿ ವರ್ಷ ಅದೇ ದಿನ ಎಂಟನೇ ತರಗತಿ ಅದೇ ತೂಬಿನ ಬಳಿ ನಿಂತು ನೀರಿನ ಮಟ್ಟ, ಬಲೆಗೆ ಬಿದ್ದ ಜೀವಿಗಳು, ಕಂಡ ಹಕ್ಕಿಗಳು ಇವನ್ನು ಒಂದು ಪುಟ ಬರೆಯಲಿ. ಏಪ್ರಿಲಿನಲ್ಲಿ ನಾಲ್ಕು ಬೋಗುಣಿಗಳ ಕತೆಯನ್ನು ಇನ್ನೊಂದು ಪುಟ. ಕಳೆದ ವರ್ಷ ಇದ್ದು ಈ ವರ್ಷ ಕಾಣದ್ದಕ್ಕೂ ಒಂದು ಅಂಕಣ ಬೇಕು, ಅದು ಇಡೀ ಪುಸ್ತಕದಲ್ಲಿ ಹೆಚ್ಚು ಬೆಲೆಯ ಅಂಕಣ. ಮೇಷ್ಟ್ರಿಗೆ ವರ್ಗವಾಗುತ್ತದೆ, ಮಕ್ಕಳು ಪಾಸಾಗಿ ಹೋಗುತ್ತಾರೆ, ಪುಸ್ತಕ ಬೀರುವಿನಲ್ಲಿ ಉಳಿಯುತ್ತದೆ. ಹತ್ತು ವರ್ಷ ಹೀಗೆ ಬರೆದ ಮೇಲೆ ಮದಲೂರಿಗೆ ಎಷ್ಟು ನೀರು ಬೇಕು, ಯಾವ ತಿಂಗಳು ಬೇಕು ಎಂದು ಯಾರಾದರೂ ವೇದಿಕೆಯಿಂದ ಮಾತಾಡುವಾಗ, ಕೆಳಗೆ ಕೂತ ಒಬ್ಬ ಹಳೆಯ ವಿದ್ಯಾರ್ಥಿನಿ ಎದ್ದು ನಿಂತು ಆ ಪುಸ್ತಕದ ಪುಟ ತೆರೆಯಬಹುದು.